ಕನ್ನಡ ಮೀಡಿಯಂ ನರ್ಸ್ ಬ್ರಿಟನ್‌ಗೆ ಹೋಗಲು ಐಇಎಲ್‌ಟಿಎಸ್ ಬರೆಯಬೇಕಾ, ಒಇಟಿ ಬರೆಯಬೇಕಾ?

ನೀವು ಕೇಳಿದ್ದು ಇಷ್ಟು: ಕಾಸರಗೋಡಿನ ಪೈವಳಿಕೆ ಕಡೆಯವರು, ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ನರ್ಸಿಂಗ್ ಮುಗಿಸಿ ಕೆಲವು ವರ್ಷಗಳಿಂದ ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲಸ. ಬ್ರಿಟನ್‌ಗೆ ಹೋಗಬೇಕು ಅಂತಿದ್ದೀರಿ. ಕೋಚಿಂಗ್ ಸೆಂಟರಿನವರು "ನಿಮ್ಮ ಆಕ್ಸೆಂಟ್‌ಗೆ ಸ್ಪೀಕಿಂಗ್ ಪಾಸಾಗೋದಿಲ್ಲ, ಮೊದಲು ಆಕ್ಸೆಂಟ್ ಕೋರ್ಸ್ ಮಾಡಿ" ಅಂದಿದ್ದಾರೆ. ಯಾವ ಪರೀಕ್ಷೆ ಒಳ್ಳೆಯದು, ಕನ್ನಡ ಮೀಡಿಯಂ ಅಡ್ಡ ಬರುತ್ತದಾ ಅಂತ ನಿಮ್ಮ ಪ್ರಶ್ನೆ.

ಎರಡೂ ಇಂಗ್ಲಿಷ್ ಪರೀಕ್ಷೆಗಳೇ: ಐಇಎಲ್‌ಟಿಎಸ್ ಎಲ್ಲರಿಗೂ ಇರುವಂಥದ್ದು, ಒಇಟಿ ಆಸ್ಪತ್ರೆ ಕೆಲಸದವರಿಗೆ ಅಂತಲೇ ಮಾಡಿದ್ದು. ನೀವು ಒಇಟಿ ಬರೆಯಿರಿ. ಆಕ್ಸೆಂಟ್ ಕೋರ್ಸಿಗೆ ಒಂದು ರೂಪಾಯಿಯೂ ಕೊಡಬೇಡಿ. ಆ ಸಮಯವನ್ನು ರೈಟಿಂಗಿಗೆ ಇಡಿ. ನಾನೂ ಬದಿಯಡ್ಕ ಕಡೆಯ ಕನ್ನಡ ಮೀಡಿಯಂನವನೇ. ಈಗ ಕುಂಬಳೆಯಲ್ಲಿ ನಿಮ್ಮಂಥ ನರ್ಸ್‌ಗಳಿಗೆ ಈ ಎರಡೂ ಪರೀಕ್ಷೆಗಳ ಪಾಠ ಹೇಳಿಕೊಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆಕ್ಸೆಂಟ್ ವಿಷಯ. ಐಇಎಲ್‌ಟಿಎಸ್ ಸ್ಪೀಕಿಂಗಿನಲ್ಲಿ ನಾಲ್ಕು ವಿಷಯ ನೋಡುತ್ತಾರೆ: ಮಾತು ತಡವರಿಸದೆ, ಒಂದಕ್ಕೊಂದು ಹೊಂದಿಕೊಂಡು ಬರುತ್ತದಾ, ಶಬ್ದಗಳು ಹೇಗಿವೆ, ವ್ಯಾಕರಣ ಹೇಗಿದೆ, ಉಚ್ಚಾರಣೆ ಹೇಗಿದೆ. ನಾಲ್ಕಕ್ಕೂ ಸಮ ಪಾಲು. ಉಚ್ಚಾರಣೆಯಲ್ಲಿ ಅವರು ನೋಡುವುದು ಕೇಳುವವರಿಗೆ ಸುಲಭವಾಗಿ ಅರ್ಥವಾಗುತ್ತದಾ ಅಂತ. ಲಂಡನ್ನಿನವರ ಹಾಗೆ ಮಾತಾಡಬೇಕು ಅಂತ ಎಲ್ಲಿಯೂ ಇಲ್ಲ. 'ಎಗ್' ಅನ್ನುವಲ್ಲಿ 'ಯೆಗ್' ಅನ್ನುವುದು, 'ಝೀರೋ' ಅನ್ನು 'ಜೀರೋ' ಮಾಡುವುದು, ಪದದ ಯಾವ ಭಾಗವನ್ನು ಒತ್ತಬೇಕೋ ಅದನ್ನು ಬಿಟ್ಟು ಎಲ್ಲವನ್ನೂ ಒಂದೇ ಸಮ ಹೇಳುವುದು, ಇಷ್ಟನ್ನು ಸರಿ ಮಾಡಿಕೊಂಡರೆ ಸಾಕು. ಮನೆಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಗೊತ್ತಾಗುತ್ತದೆ.

ಒಇಟಿ ಸ್ಪೀಕಿಂಗ್ ಅಂತೂ ನಮ್ಮ ಊರಿನವರಿಗೆ ಹೇಳಿ ಮಾಡಿಸಿದ್ದು. ಅದರಲ್ಲಿ ಎರಡು ರೋಲ್‌ಪ್ಲೇ, ಒಂದೊಂದೂ ಸುಮಾರು 5 ನಿಮಿಷ. ಪ್ರತಿಯೊಂದಕ್ಕೂ ಮೊದಲು ಕಾರ್ಡ್ ಓದಿ ಯೋಚಿಸಲು 3 ನಿಮಿಷ. ನೀವು ನರ್ಸ್, ಎದುರಿಗೆ ಇರುವವರು ಪೇಷಂಟ್ ಅಥವಾ ಅವರ ಮನೆಯವರು. ಭಾಷೆಗೆ ಮಾರ್ಕು ಇದೆ. ಅದರ ಜೊತೆಗೆ ಪೇಷಂಟಿನ ಮಾತು ಕೇಳಿಸಿಕೊಂಡಿರಾ, ಅವರ ಭಯ ಏನು ಅಂತ ವಿಚಾರಿಸಿದಿರಾ, ಹೇಳಿದ್ದು ಅವರಿಗೆ ತಲುಪಿತಾ ಅಂತ ನೋಡಿದಿರಾ, ಇದಕ್ಕೂ ಮಾರ್ಕು ಇದೆ. ವಾರ್ಡಿನಲ್ಲಿ ನೀವು ಒಂದು ಬೆಡ್ಡಿನ ಹತ್ತಿರ ತುಳು, ಪಕ್ಕದ ಬೆಡ್ಡಿನಲ್ಲಿ ಮಲಯಾಳ, ಅದರಾಚೆ ಬ್ಯಾರಿ ಮಾತಾಡುವವರು. ಒಂದು ರೀತಿಯಲ್ಲಿ ಹೇಳಿದ್ದು ಅರ್ಥವಾಗದಿದ್ದರೆ ಇನ್ನೊಂದು ರೀತಿಯಲ್ಲಿ ಹೇಳುವುದು ನಿಮಗೆ ದಿನದ ಕೆಲಸ, ಅಲ್ವಾ? ಒಂದೇ ಭಾಷೆಯ ಊರಿನಲ್ಲಿ ಬೆಳೆದವರಿಗೆ ಇದನ್ನು ಕಲಿಸಲು ನಾನು ಜಾಸ್ತಿ ಒದ್ದಾಡಬೇಕಾಗುತ್ತದೆ.

ಐಇಎಲ್‌ಟಿಎಸ್ ಸ್ಪೀಕಿಂಗಿನ ಎರಡನೇ ಭಾಗದಲ್ಲಿ ಒಂದು ವಿಷಯ ಕೊಟ್ಟು, ಒಂದು ನಿಮಿಷ ಸಮಯ ಕೊಟ್ಟು, ಎರಡು ನಿಮಿಷದ ತನಕ ಮಾತಾಡಲು ಹೇಳುತ್ತಾರೆ. 'ನೋಡಿದ ಒಂದು ಜಾಗ' ಅಂದರೆ ಎಲ್ಲರೂ ತಾಜ್ ಮಹಲ್ ಶುರು ಮಾಡುತ್ತಾರೆ. ಹೆಚ್ಚಿನವರು ಆಗ್ರಾ ನೋಡಿಯೇ ಇರುವುದಿಲ್ಲ! ಬಾಯಿಪಾಠ ಒಪ್ಪಿಸುತ್ತಿದ್ದೀರಿ ಅಂತ ಪರೀಕ್ಷಕರಿಗೆ ಕೂಡಲೇ ತಿಳಿಯುತ್ತದೆ. ನಮ್ಮ ಕುಂಬಳೆ ಹತ್ತಿರದ ಅನಂತಪುರದ ಸರೋವರ ದೇವಸ್ಥಾನದ ಬಗ್ಗೆ ಹೇಳಿ. 2022ರಲ್ಲಿ ಸತ್ತ ಮೊಸಳೆ ಬಬಿಯಾ, ಅದಕ್ಕೆ ಕೊಡುತ್ತಿದ್ದ ನೈವೇದ್ಯದ ಅನ್ನ, ಅದು ಸತ್ತಾಗ ಸೇರಿದ ಜನ. ಕಣ್ಣಾರೆ ಕಂಡದ್ದಾದರೆ ಇಂಗ್ಲಿಷ್ ತಾನಾಗಿ ಹಿಂದೆ ಬರುತ್ತದೆ.

ನಮ್ಮವರು ಬೀಳುವುದು ರೈಟಿಂಗಿನಲ್ಲಿ. ಶಬ್ದ ಗೊತ್ತಿಲ್ಲ ಅಂತ ಅಲ್ಲ. ಕನ್ನಡದಲ್ಲಿ ನಾವು 'ಎದ್ದು, ಮಿಂದು, ತಿಂಡಿ ತಿಂದು, ಬಸ್ಸು ಹಿಡಿದು ಬಂದೆ' ಅಂತ ಒಂದೇ ವಾಕ್ಯದಲ್ಲಿ ಎಷ್ಟು ಕೆಲಸವನ್ನಾದರೂ ಪೋಣಿಸುತ್ತೇವೆ. ಕೇಳಲಿಕ್ಕೂ ಚೆನ್ನಾಗಿರುತ್ತದೆ. ಅದೇ ಅಭ್ಯಾಸ ಇಂಗ್ಲಿಷಿಗೆ ಹೋದರೆ ನಾಲ್ಕು ಸಾಲು ಕಳೆದರೂ ಫುಲ್‌ಸ್ಟಾಪ್ ಬರುವುದಿಲ್ಲ. ನಡುವೆ ಬರೀ 'ಆ್ಯಂಡ್', 'ಆ್ಯಂಡ್'. ಮಾತ್ರೆ ತಗೊಂಡದ್ದು ಯಾರು, ಪೇಷಂಟಾ ಮಗಳಾ ಅಂತ ಓದುವವರಿಗೆ ತಿಳಿಯುವುದಿಲ್ಲ. ಎ, ಆ್ಯನ್, ದಿ ನಮ್ಮ ಭಾಷೆಯಲ್ಲಿ ಇಲ್ಲದ ಕಾರಣ ಬಿಟ್ಟುಹೋಗುತ್ತವೆ, ಇಲ್ಲವೇ ಎಲ್ಲ ಕಡೆ 'ದಿ' ಬೀಳುತ್ತದೆ. ಒಂದು ವಾಕ್ಯ, ಒಂದು ಕೆಲಸ, ಒಂದು ಫುಲ್‌ಸ್ಟಾಪ್. ಸ್ವಲ್ಪ ದಿನ ಹೀಗೇ ಬರೆಯಿರಿ. ಮಕ್ಕಳ ಇಂಗ್ಲಿಷ್ ಅನ್ನಿಸಲಿ, ಪರವಾಗಿಲ್ಲ. ವಾಕ್ಯಗಳನ್ನು ಜೋಡಿಸುವುದನ್ನು ಆಮೇಲೆ ಕಲಿಯಬಹುದು.

ಒಇಟಿಯಲ್ಲಿ ರೈಟಿಂಗ್ ಅಂದರೆ ಒಂದು ಪತ್ರ. 45 ನಿಮಿಷ, ಅದರಲ್ಲಿ ಮೊದಲ 5 ನಿಮಿಷ ಓದಲು ಮಾತ್ರ. ಒಬ್ಬ ಪೇಷಂಟಿನ ಕೇಸ್ ನೋಟ್ಸ್ ಕೊಡುತ್ತಾರೆ, ಅದನ್ನು ನೋಡಿ 180ರಿಂದ 200 ಪದಗಳ ಪತ್ರ ಬರೆಯಬೇಕು. ಇಲ್ಲಿ ಅನುಭವಿ ನರ್ಸ್‌ಗಳೇ ಎಡವುತ್ತಾರೆ. ಕಾರಣ ಇದೆ. ವಾರ್ಡಿನಲ್ಲಿ ನಮಗೆ ಕಲಿಸಿದ್ದು 'ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ'. ಹಾಗಾಗಿ ಏನನ್ನೂ ಬಿಡಲು ಕೈ ಬರುವುದಿಲ್ಲ. ಪರೀಕ್ಷೆ ನೋಡುವುದೇ ಬಿಡಲು ಬರುತ್ತದಾ ಅಂತ. ಮಂಡಿ ಆಪರೇಷನ್ ಆದ ಅಜ್ಜಿ ಮನೆಗೆ ಹೊರಟಿದ್ದಾರೆ, ಪತ್ರ ಹೋಗುವುದು ಮನೆಗೆ ಬಂದು ನೋಡಿಕೊಳ್ಳುವ ಅಲ್ಲಿನ ಕಮ್ಯುನಿಟಿ ನರ್ಸಿಗೆ ಅಂತ ಇಟ್ಟುಕೊಳ್ಳಿ. ಹಿಂದೆಂದೋ ಅಪೆಂಡಿಕ್ಸ್ ತೆಗೆದದ್ದು ಆ ನರ್ಸಿಗೆ ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಬೇಕು. ಅಜ್ಜಿ ಒಬ್ಬರೇ ಇರುವುದು, ಮನೆಗೆ ಮೆಟ್ಟಿಲು ಇರುವುದು ಖಂಡಿತ ಬೇಕು. ಪತ್ರ ಯಾಕೆ ಬರೆದಿದ್ದೀರಿ ಅಂತ ಶುರುವಿನಲ್ಲೇ ಗೊತ್ತಾಗಬೇಕು. ಅದಕ್ಕೇ ಬೇರೆ ಮಾರ್ಕು ಇದೆ.

ಡ್ಯೂಟಿ ಮುಗಿದ ಮೇಲೆ ಆ ದಿನದ ಒಬ್ಬ ಪೇಷಂಟನ್ನು ನೆನಪಿಸಿಕೊಂಡು ಹೀಗೊಂದು ಪತ್ರ ಬರೆಯಿರಿ. ಹೆಸರು, ಊರು ಬದಲಿಸಿ. ಆಸ್ಪತ್ರೆಯ ಕೇಸ್ ಶೀಟ್ ಫೋಟೊ ಮಾತ್ರ ತೆಗೆಯಬೇಡಿ, ಕೆಲಸಕ್ಕೇ ಕುತ್ತು ಬಂದೀತು.

ಐಇಎಲ್‌ಟಿಎಸ್ ರೈಟಿಂಗ್ ಬೇರೆಯೇ ಆಟ. 60 ನಿಮಿಷದಲ್ಲಿ ಎರಡು ಬರಹ: ಒಂದು ಗ್ರಾಫೋ ಚಾರ್ಟೋ ನೋಡಿ ಕನಿಷ್ಠ 150 ಪದ, ಇನ್ನೊಂದು ಕನಿಷ್ಠ 250 ಪದಗಳ ಪ್ರಬಂಧ. ಪ್ರಬಂಧಕ್ಕೆ ಎರಡು ಪಟ್ಟು ತೂಕ. ವಿಷಯ ನಗರದ ಟ್ರಾಫಿಕ್ ಇರಬಹುದು, ಮ್ಯೂಸಿಯಂ ಇರಬಹುದು. ನೈಟ್ ಡ್ಯೂಟಿ ಮಾಡುವವರಿಗೆ ಅದರ ಬಗ್ಗೆ ಏನು ಅಭಿಪ್ರಾಯ ಇರುತ್ತದೆ ಹೇಳಿ! ನಿಮಗೆ ಒಇಟಿ ಅಂದದ್ದು ಇದಕ್ಕೇ. ಫೀಸು ಮಾತ್ರ ಒಇಟಿಗೆ ಎಷ್ಟೋ ಜಾಸ್ತಿ. ಓದಲು ಯೂನಿವರ್ಸಿಟಿಗೆ ಹೋಗುವ ಯೋಚನೆಯೂ ಇದ್ದರೆ ಐಇಎಲ್‌ಟಿಎಸ್ ಬರೆಯಿರಿ, ಅದರ ಎರಡು ಬಗೆಯಲ್ಲಿ ಅಕಾಡೆಮಿಕ್, ಜನರಲ್ ಟ್ರೈನಿಂಗ್ ಅಲ್ಲ.

ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿ ಕೇಳುವುದು: ಐಇಎಲ್‌ಟಿಎಸ್ ಆದರೆ ಲಿಸನಿಂಗ್, ರೀಡಿಂಗ್, ಸ್ಪೀಕಿಂಗಿನಲ್ಲಿ 7, ರೈಟಿಂಗಿನಲ್ಲಿ 6.5. ಒಇಟಿ ಆದರೆ ಆ ಮೂರರಲ್ಲಿ ಬಿ, ಅಂದರೆ 350. ರೈಟಿಂಗಿನಲ್ಲಿ ಸಿ ಪ್ಲಸ್, ಅಂದರೆ 300. ರೈಟಿಂಗ್ ಮೊದಲು ಇನ್ನೂ ಬಿಗಿಯಾಗಿತ್ತು. ಐಇಎಲ್‌ಟಿಎಸ್‌ಗೆ 2018ರಲ್ಲಿ, ಒಇಟಿಗೆ 2021ರಲ್ಲಿ ಸಡಿಲ ಮಾಡಿದರು. ಒಂದೇ ಸಲಕ್ಕೆ ಎಲ್ಲವೂ ಸಿಗದಿದ್ದರೆ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಬರೆದು ಎರಡರ ಅಂಕ ಸೇರಿಸಿ ತೋರಿಸಲು ಅವಕಾಶ ಇದೆ. ಅದಕ್ಕೂ ಕನಿಷ್ಠ ಅಂಕ, ಅವಧಿಯ ಶರತ್ತು ಇದೆ. ಎನ್‌ಎಂಸಿ ವೆಬ್‌ಸೈಟಿನಲ್ಲೇ ಓದಿ, ಏಜೆಂಟರ ಮಾತಿನ ಮೇಲೆ ಹೋಗಬೇಡಿ.

ಲಿಸನಿಂಗಿನಲ್ಲಿ ಆಡಿಯೊ ಒಂದೇ ಸಲ ಕೇಳಿಸುತ್ತಾರೆ. ಬ್ರಿಟಿಷ್, ಆಸ್ಟ್ರೇಲಿಯನ್ ದನಿಗಳಿಗೆ ಕಿವಿ ಒಗ್ಗಬೇಕು, ಬಿಬಿಸಿ ರೇಡಿಯೊ ಸಾಕು. ರೀಡಿಂಗಿಗೆ ಗಡಿಯಾರ ಇಟ್ಟುಕೊಂಡು ಓದುವುದೊಂದೇ ದಾರಿ.

ಕೋಚಿಂಗ್ ಬೇಕೇ ಬೇಕು ಅಂತಿಲ್ಲ. ಬೇಕಿದ್ದರೆ ನೋರ್ಕಾ ರೂಟ್ಸ್, ಒಡೆಪೆಕ್ ಇವೆ, ವಿದೇಶದ ಕೆಲಸಕ್ಕೆ ಹೋಗುವವರಿಗೆ ನೆರವಾಗುವ ಸಂಸ್ಥೆಗಳು. ಎರಡೂ ಕೇರಳ ಸರಕಾರದ್ದೇ, ಎರಡರಲ್ಲೂ ತರಬೇತಿ ಇದೆ. ಕಾಸರಗೋಡಿನ ನಾವೂ ಕೇರಳದವರೇ ತಾನೇ? ನಮ್ಮ ಕನ್ನಡಿಗರು ಮಾತ್ರ ಆ ಕಡೆ ನೋಡುವುದೇ ಇಲ್ಲ, ಸೀದಾ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುತ್ತಾರೆ. ವಿವರಣೆ ಮಲಯಾಳದಲ್ಲಿ ಬರಬಹುದು ಅನ್ನುವ ಹೆದರಿಕೆ ಇರಬೇಕು. ಮಲಯಾಳ ಓದಲು ಬಾರದಿದ್ದರೂ ಕೇಳಿದರೆ ನಿಮಗೆ ತಿಳಿಯುತ್ತದೆ, ವಾರ್ಡಿನಲ್ಲಿ ಮಾತಾಡುತ್ತೀರಲ್ಲ.

ಇನ್ನೊಂದು. ಪರೀಕ್ಷೆಗೆ ಪಾಸ್‌ಪೋರ್ಟೇ ಗುರುತಿನ ದಾಖಲೆ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಜೊತೆ ಬರೀ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಬಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ರಿಜಿಸ್ಟರ್ ಮಾಡಿ. ಎರಡೂ ಒಬ್ಬರದೇ ಹೆಸರು ಅನ್ನುವ ಪ್ರಮಾಣಪತ್ರವನ್ನು ಈಗಲೇ ವಿಲೇಜ್ ಆಫೀಸಿನಿಂದ ಮಾಡಿಸಿಡಿ. ಫಲಿತಾಂಶಕ್ಕೆ ಎರಡೇ ವರ್ಷ ಆಯುಷ್ಯ, ಅದು ಬಂದ ಮೇಲೆ ಈ ಓಡಾಟ ಶುರು ಮಾಡಿದರೆ ತಿಂಗಳುಗಳು ಸುಮ್ನೆ ಹೋಗುತ್ತವೆ.