ಚಂದ್ರನ ಮೇಲಿನ ಕನ್ನಡಿ ಮತ್ತು ನನ್ನ ಸೋಲು

ಗುರುತು ಪರಿಚಯವಿಲ್ಲದವರೊಂದಿಗೆ ತಂತ್ರಜ್ಞಾನ, ಬಾಹ್ಯಾಕಾಶ, ಪ್ರಚಲಿತ ವಿದ್ಯಮಾನ ಎಂದು ಗಂಟೆಗಟ್ಟಲೆ ವಾದಿಸಿ ಒಬ್ಬರ ಮನಸ್ಸನ್ನಾದರೂ ಬದಲಿಸಿದ್ದೀರಾ ಎಂದು ಕೇಳಿದ್ದೀರಿ. ಎದುರಿನವರು ಬದಲಾದದ್ದನ್ನು ನಾನಂತೂ ಕಂಡಿಲ್ಲ. ನನ್ನದೇ ವಾದ ಒಮ್ಮೆ ಬುಡಸಮೇತ ಕಿತ್ತುಬಂದ ಕಥೆ ಬೇಕಾದರೆ ಹೇಳುತ್ತೇನೆ.

ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲ ಎಂಬ ಹಳೆಯ ಜಗಳ ಅದು. ಅಲ್ಲಿ ತೆಗೆದ ಚಿತ್ರದಲ್ಲಿ ನಕ್ಷತ್ರಗಳೇಕಿಲ್ಲ ಎಂಬುದಕ್ಕೆ ಉತ್ತರ ಸುಲಭ: ಬಿಸಿಲಿನ ನೆಲಕ್ಕೆ ಹೊಂದಿಸಿದ ಕ್ಯಾಮೆರಾದಲ್ಲಿ ಮಂದ ನಕ್ಷತ್ರಗಳು ಮೂಡುವುದಿಲ್ಲ. ಆಮೇಲೆ ನನ್ನ ಬ್ರಹ್ಮಾಸ್ತ್ರ ತೆಗೆದೆ. ಅಮೆರಿಕದ ಅಪೊಲೊ 11, 14, 15ರ ಯಾತ್ರಿಗಳು ಅಲ್ಲಿ ಕನ್ನಡಿಯಂಥ ಪ್ರತಿಫಲಕಗಳನ್ನು ಇಟ್ಟು ಬಂದಿದ್ದಾರೆ. ಇಲ್ಲಿಂದ ಲೇಸರ್ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿನಲ್ಲಿ ಬೆಳಕು ಮರಳುತ್ತದೆ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ ಎಂದು ಅಳೆದದ್ದೂ ಹೀಗೆಯೇ. ಇಷ್ಟು ಬರೆದು, ಗೆದ್ದೆನೆಂದುಕೊಂಡು ಮಲಗಿದೆ.

ಬೆಳಿಗ್ಗೆ ಎದುರಿನವರ ಒಂದೇ ಸಾಲಿನ ಉತ್ತರ ಕಾದಿತ್ತು: "ಲುನೊಖೋದ್‌ನಲ್ಲಿ ಯಾರು ಕುಳಿತು ಹೋಗಿದ್ದರು?"

ಯಾರೂ ಕುಳಿತಿರಲಿಲ್ಲ. 1970 ಮತ್ತು 1973ರಲ್ಲಿ ಸೋವಿಯತ್ ಒಕ್ಕೂಟ ಚಂದ್ರನಿಗೆ ಕಳುಹಿಸಿದ ಲುನೊಖೋದ್ ಎಂಬ ಆ ಎರಡು ಗಾಡಿಗಳು ಭೂಮಿಯಿಂದಲೇ ನಿಯಂತ್ರಿಸುವಂಥವು. ಅವುಗಳ ಮೇಲೂ ಪ್ರತಿಫಲಕಗಳಿವೆ. ಅಂದಮೇಲೆ ಪ್ರತಿಫಲಕ ಇದೆ ಎಂದ ಮಾತ್ರಕ್ಕೆ ಮನುಷ್ಯ ಹೋಗಿದ್ದ ಎಂದಾಗುವುದಿಲ್ಲ. ಅವರ ತೀರ್ಮಾನ ತಪ್ಪೇ, ಆದರೆ ಆ ಪ್ರಶ್ನೆಯ ಮಟ್ಟಿಗೆ ಸೋತವನು ನಾನು. "ಹೌದು, ನೀವು ಹೇಳಿದ್ದು ಸರಿ" ಎಂಬ ನಾಲ್ಕು ಪದ ಬರೆಯಲು ಅರ್ಧ ದಿನ ಹಿಡಿಯಿತು.

ಆ ಪೆಟ್ಟು ತಿಂದಮೇಲೆಯೇ ಚಂದ್ರನಿಂದ ತಂದ ಕಲ್ಲುಮಣ್ಣಿನ ತೂಕ ನೋಡಿದ್ದು. ಅಪೊಲೊ ಯಾತ್ರಿಗಳು ಆರು ಸಲ ಇಳಿದು ತಂದದ್ದು 382 ಕಿಲೋ. ಲೂನಾ 16, 20, 24 ಎಂಬ ಮೂರು ಸೋವಿಯತ್ ಯಂತ್ರಗಳು ಸೇರಿ ತಂದದ್ದು ಸುಮಾರು 300 ಗ್ರಾಂ. ಆ ಕಾಲದ ಯಂತ್ರಗಳ ಶಕ್ತಿ ಎಷ್ಟಿತ್ತೆಂದು ಈ ಅಂತರವೇ ಹೇಳುತ್ತದೆ; ಅಷ್ಟು ಕಲ್ಲು ತರಲು ಮನುಷ್ಯರೇ ಹೋಗಬೇಕಿತ್ತು. ಮೊದಲೇ ಇದನ್ನು ಇಟ್ಟಿದ್ದರೆ ಒಂದು ರಾತ್ರಿ ಉಳಿಯುತ್ತಿತ್ತು.

ಅವರು ಒಪ್ಪಲಿಲ್ಲ, ಭೂಮಿಯನ್ನು ಸುತ್ತುವರಿದ ವ್ಯಾನ್ ಅಲೆನ್ ವಿಕಿರಣ ಪಟ್ಟಿಯನ್ನು ದಾಟಿ ಮನುಷ್ಯ ಬದುಕಲಾರ ಎಂಬ ವಾದದ ಕಡೆ ಹೊರಳಿದರು. ಯಾವ ಸಾಕ್ಷ್ಯ ಸಿಕ್ಕರೆ ಒಪ್ಪುತ್ತೀರಿ ಎಂದು ಕೇಳಿದೆ. "ಯಾವುದೂ ಇಲ್ಲ" ಎಂದರು. ಅಲ್ಲಿಗೆ ಬಿಟ್ಟೆ. ಈಗ ಆ ಪ್ರಶ್ನೆಯನ್ನು ಮೊದಲೇ ಕೇಳುತ್ತೇನೆ, ಬಹಳ ಸಮಯ ಉಳಿಯುತ್ತದೆ.

ಪ್ರಚಲಿತ ವಿದ್ಯಮಾನದ ಮಾತು ಬೇರೆ. ಘಟನೆ ನಡೆದ ದಿನ ಬಾಯಿ ಹಾಕುವುದಿಲ್ಲ. ಬೆಳಗಿನ ಸುದ್ದಿ ಸಂಜೆಗೆ ಬೇರೆಯಾಗಿರುತ್ತದೆ. ಹರಿದಾಡುವ ಚಿತ್ರ ಹಳೆಯದೋ ಹೊಸದೋ ಎಂದು ಹುಡುಕಿ ನೋಡುವುದಷ್ಟೇ ಆ ದಿನ ನನ್ನ ಕೆಲಸ.

ಈಚೆಗೆ 5ಜಿ ಅಲೆಗಳಿಂದ ರೋಗ ಹರಡುತ್ತದೆ ಎಂದ ಒಬ್ಬರೊಂದಿಗೆ ವಾದಿಸುತ್ತಿದ್ದೆ. ನನ್ನ ಪರವಾಗಿ ಬಂದವರು ಅದೇ ಲುನೊಖೋದ್ ಮಹಾಶಯರು! 5ಜಿ ಬಳಸುವ 3.5 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 8.6 ಸೆಂಟಿಮೀಟರ್, ನಾನು ಬರೆದಂತೆ ಮಿಲಿಮೀಟರ್ ಅಲ್ಲ ಎಂದು ನನ್ನನ್ನೂ ತಿದ್ದಿ ಹೋದರು.