ಕಾಂಪೌಂಡಿನ ಆಚೆಯವರು ವಿಶ್ವವಿದ್ಯಾಲಯವನ್ನು ಹೇಗೆ ಕಾಣುತ್ತಾರೆ?

ಮಹಾನಗರದ ವಿಶ್ವವಿದ್ಯಾಲಯಕ್ಕೂ ಅದರ ಸುತ್ತ ವಾಸಿಸುವವರಿಗೂ ಇರುವ ನಂಟಿನ ಬಗ್ಗೆ ಬಂದ ನಾಲ್ಕು ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರ ವಿಸ್ತರಣಾ ವಿಭಾಗದಲ್ಲಿ, ಅಂದರೆ ಊರಿನವರಿಗಾಗಿ ಕೆಲಸ ಮಾಡುವ ವಿಭಾಗದಲ್ಲಿದ್ದೇನೆ. ಸುತ್ತಲಿನ ಬಡಾವಣೆಗಳಲ್ಲಿ ಸಮೀಕ್ಷೆ ಮಾಡಿದಾಗ ಬಹುತೇಕರು ‘ವಿಶ್ವವಿದ್ಯಾಲಯದಿಂದ ಒಳ್ಳೆಯದೇ ಆಗಿದೆ’ ಎಂದರು. ಆದರೆ ನಮ್ಮ ಕಾರ್ಯಕ್ರಮಗಳಿಗೆ ಅಕ್ಕಪಕ್ಕದವರು ಬರುವುದೇ ಇಲ್ಲ. ಎಡವಿದ್ದು ಎಲ್ಲಿ?

ಉತ್ತರ: ಜನ ಸುಳ್ಳು ಹೇಳಿಲ್ಲ. ಪ್ರಶ್ನೆಯೇ ಆ ಉತ್ತರವನ್ನು ಕರೆದಿದೆ. ‘ವಿಶ್ವವಿದ್ಯಾಲಯದಿಂದ ಒಳ್ಳೆಯದಾಗಿದೆ, ಒಪ್ಪುತ್ತೀರಾ?’ ಎಂದು ಮನೆ ಬಾಗಿಲಲ್ಲಿ ನಿಂತು ಕೇಳಿದರೆ ಮುಖ ಮುರಿದು ‘ಇಲ್ಲ’ ಅನ್ನುವವರು ಕಡಿಮೆ. ಕೇಳುತ್ತಿರುವ ಹುಡುಗಿಯ ಕೊರಳಲ್ಲಿ ಅದೇ ವಿಶ್ವವಿದ್ಯಾಲಯದ ಐಡಿ ಕಾರ್ಡು ನೇತಾಡುತ್ತಿದ್ದರಂತೂ ಉತ್ತರ ಮೊದಲೇ ತೀರ್ಮಾನವಾಗಿರುತ್ತದೆ. ಸಾಧ್ಯವಿದ್ದರೆ ಬೇರೆ ಸಂಸ್ಥೆಯವರಿಂದ ಕೇಳಿಸಿ. ಆಗದಿದ್ದರೆ ಮೆಚ್ಚುಗೆ, ದೂರಿನ ಪ್ರಶ್ನೆಗಳಿರುವ ಹಾಳೆಯನ್ನು ಮನೆಯವರೇ ತುಂಬಿ, ಮಡಚಿ, ಮುಚ್ಚಿದ ಪೆಟ್ಟಿಗೆಗೆ ಹಾಕುವಂತೆ ಮಾಡಿ.

ಇನ್ನೂ ದೊಡ್ಡ ತಪ್ಪೆಂದರೆ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಪ್ರಶ್ನೆಯಲ್ಲಿ ತುರುಕುವುದು: ಗೊತ್ತಿದೆಯೇ, ಬಳಸಿದ್ದಾರೆಯೇ, ನಂಬುತ್ತಾರೆಯೇ. ಗ್ರಂಥಾಲಯ ಇದೆ ಎಂದು ಗೊತ್ತಿರುತ್ತದೆ, ಒಳಗೆ ಬಿಡುತ್ತಾರೆಂಬ ನಂಬಿಕೆ ಇರುವುದಿಲ್ಲ. ಉಚಿತ ಕಾನೂನು ಸಲಹೆ ಸಿಗುತ್ತದೆ, ಅದು ಇದೆ ಎಂಬುದೇ ಗೊತ್ತಿರುವುದಿಲ್ಲ. ಮೊದಲನೆಯದಕ್ಕೆ ಗೇಟಿನ ನಿಯಮ ಬದಲಾಗಬೇಕು, ಎರಡನೆಯದಕ್ಕೆ ಪ್ರಚಾರ ಸಾಕು. ಸಮೀಕ್ಷೆ ಇವೆರಡನ್ನು ಬೇರ್ಪಡಿಸಿ ತೋರಿಸದಿದ್ದರೆ ಅದನ್ನು ಮಾಡಿಯೂ ಪ್ರಯೋಜನವಿಲ್ಲ.

ಹಾಗಾಗಿ ಅಭಿಪ್ರಾಯಕ್ಕಿಂತ ಮೊದಲು ಅನುಭವ ಕೇಳಿ. ‘ಕಳೆದ 12 ತಿಂಗಳಲ್ಲಿ ನೀವು ಆವರಣದೊಳಗೆ ಎಷ್ಟು ಸಲ ಹೋಗಿದ್ದೀರಿ? ಯಾವ ಕೆಲಸಕ್ಕೆ? ಗೇಟಿನಲ್ಲಿ ಏನು ಕೇಳಿದರು? ಒಳಗೆ ಬಿಡದೆ ವಾಪಸ್ ಕಳಿಸಿದ್ದುಂಟೇ?’ ಹೋಗಿಯೇ ಇಲ್ಲ ಎಂದವರಿಗೆ ‘ಯಾಕೆ?’ ಎಂದು ಕೇಳಿ, ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. ನೆರೆಹೊರೆಯವರಿಗೆ ವಿಶ್ವವಿದ್ಯಾಲಯ ಎಂದರೆ ರ್‍ಯಾಂಕಿಂಗ್ ಪಟ್ಟಿಯಲ್ಲ. ಸೆಕ್ಯುರಿಟಿಯವನ ಮಾತಿನ ಧಾಟಿ, ಬೆಳಗಿನ ವಾಕಿಂಗ್‌ಗೆ ಮೈದಾನ ಸಿಗುತ್ತದೋ ಇಲ್ಲವೋ ಎಂಬುದು, ಹಿಂದಿನ ಗೋಡೆಯ ಪಕ್ಕ ಕೊಳೆಯುತ್ತಿರುವ ಕಸ.

ಪ್ರಶ್ನೆಗಳ ಕ್ರಮವೂ ಮುಖ್ಯ. ‘ಈ ವಿಶ್ವವಿದ್ಯಾಲಯ ಎಂದಾಗ ನಿಮಗೆ ಮೊದಲು ನೆನಪಾಗುವುದೇನು?’ ಎಂಬ ಮುಕ್ತ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರಲಿ. ಸೇವೆಗಳ ಪಟ್ಟಿ ಓದಿದ ಮೇಲೆ ಕೇಳಿದರೆ ನಿಮ್ಮ ಪಟ್ಟಿಯೇ ನಿಮಗೆ ವಾಪಸ್ ಬರುತ್ತದೆ. ‘ಗೊತ್ತಿಲ್ಲ’ ಮತ್ತು ‘ಅಷ್ಟಕ್ಕಷ್ಟೆ’ ಎರಡಕ್ಕೂ ಹಾಳೆಯಲ್ಲಿ ಬೇರೆ ಬೇರೆ ಚೌಕ ಇರಲಿ. ಇವನ್ನು ಬೆರೆಸಿದರೆ, ಏನೂ ಗೊತ್ತಿಲ್ಲದವರು ಮಧ್ಯಮ ಮಾರ್ಗಿಗಳಾಗಿ ಲೆಕ್ಕಕ್ಕೆ ಬರುತ್ತಾರೆ.

ಮೊದಲು 20–30 ಜನರ ಮೇಲೆ ಪ್ರಶ್ನಾವಳಿಯನ್ನು ಪರೀಕ್ಷಿಸಿ. ಓದಿ ಹೇಳಿ, ‘ಇದರಿಂದ ನಿಮಗೆ ಏನು ಅರ್ಥವಾಯಿತು?’ ಎಂದು ಕೇಳಿ. ಕನ್ನಡದಲ್ಲಿ ಎರಡು ಪದಗಳು ಪದೇ ಪದೇ ಕೈಕೊಡುತ್ತವೆ. ‘ಸಮುದಾಯ’ ಎಂದರೆ ಹಲವರು ಜಾತಿ ಎಂದುಕೊಳ್ಳುತ್ತಾರೆ. ‘ನಿಮ್ಮ ಸಮುದಾಯಕ್ಕೆ ವಿಶ್ವವಿದ್ಯಾಲಯ ಏನು ಮಾಡಿದೆ?’ ಎಂದರೆ ಮೀಸಲಾತಿಯ ಮಾತು ಶುರುವಾಗುತ್ತದೆ. ‘ವಿಸ್ತರಣಾ ಚಟುವಟಿಕೆ’ ಎಂದರೆ ಇನ್ನಷ್ಟು ಜಾಗ ತೆಗೆದುಕೊಳ್ಳುತ್ತಾರೆ ಎಂದು ಗೋಡೆಯ ಪಕ್ಕದ ಮನೆಯವರು ಹೆದರುತ್ತಾರೆ. ಆ ಭಯ ನ್ಯಾಯವಾದದ್ದೇ. ‘ಈ ಸುತ್ತಮುತ್ತಲಿನವರು’, ‘ಊರಿನವರಿಗಾಗಿ ಮಾಡುವ ಕೆಲಸ’ ಎಂದು ಬರೆದರೆ ಗೊಂದಲ ತಪ್ಪುತ್ತದೆ.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಕ್ಯಾಂಪಸ್ಸಿನಿಂದ 3 ಕಿ.ಮೀ. ವ್ಯಾಪ್ತಿಯಲ್ಲಿ ಸಮೀಕ್ಷೆ ಮಾಡಬೇಕಿದೆ. ಎಲ್ಲರೂ ‘384 ಮಂದಿ ಸಾಕು’ ಅನ್ನುತ್ತಾರೆ. ಹೌದೇ?

ಉತ್ತರ: ಶೇ 5ರಷ್ಟು ಆಚೀಚೆಯ ತಪ್ಪಿನ ಅಂತರ, ಶೇ 95ರ ವಿಶ್ವಾಸ ಮಟ್ಟ (ಇಂಥ 100 ಸಮೀಕ್ಷೆಗಳಲ್ಲಿ ಸುಮಾರು 95ರ ಉತ್ತರ ಆ ಅಂತರದೊಳಗೆ ಬೀಳುವುದು), ದೊಡ್ಡ ಜನಸಂಖ್ಯೆ, ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಚೀಟಿ ಎತ್ತಿ ಆರಿಸಿದ ಮಾದರಿ, ಇಷ್ಟೂ ಇದ್ದರೆ ಸೂತ್ರ 384.16 ಕೊಡುತ್ತದೆ, ಅಂದರೆ 385. ಆದರೆ ನೀವು ಹಾಗೆ ಆರಿಸುವುದಿಲ್ಲ. ಕೆಲವು ಬೀದಿಗಳನ್ನು ಆರಿಸಿ, ಒಂದೊಂದರಲ್ಲಿ 10 ಮನೆ ಕೇಳುತ್ತೀರಿ. ಒಂದೇ ಬೀದಿಯವರ ಅಭಿಪ್ರಾಯ ಒಂದನ್ನೊಂದು ಹೋಲುತ್ತದೆ. ಆ ಹೋಲಿಕೆಯ ಪ್ರಮಾಣ 0.05 ಎಂದಿಟ್ಟುಕೊಂಡರೂ ಮಾದರಿಯನ್ನು 1.45ರಿಂದ (1 + 9 × 0.05) ಗುಣಿಸಬೇಕು, 558 ಆಗುತ್ತದೆ. ಹೋದ ಮನೆಗಳಲ್ಲಿ ಶೇ 60 ಮಾತ್ರ ಉತ್ತರಿಸಿದರೆ, 930 ಬಾಗಿಲು ತಟ್ಟಬೇಕು. ಹತ್ತಿರದವರನ್ನೂ ದೂರದವರನ್ನೂ ಹೋಲಿಸುವ ಉದ್ದೇಶವಿದ್ದರೆ ಪ್ರತಿ ಗುಂಪಿನ ಲೆಕ್ಕ ಬೇರೆ: ಗುಂಪಿಗೆ 100 ಜನ ಎಂದರೆ ಚೀಟಿ ಎತ್ತಿದ ಮಾದರಿಯಲ್ಲೇ ತಪ್ಪಿನ ಅಂತರ ಸುಮಾರು ಶೇ 10.

ದೂರವನ್ನು ನಕ್ಷೆಯ ಮೇಲೆ ವೃತ್ತ ಎಳೆದು ಅಳೆಯಬೇಡಿ. ಹಿಂಬದಿ ಗೋಡೆಯ ಸಮೀಪದ ಮನೆ ನಕ್ಷೆಯಲ್ಲಿ 100 ಮೀಟರ್ ದೂರ. ಆ ಕಡೆಯ ಗೇಟಿಗೆ ಬೀಗ ಹಾಕಿದ್ದರೆ ಅವರು ಒಂದೂವರೆ ಕಿಲೋಮೀಟರ್ ಸುತ್ತಿ ಬರಬೇಕು. ತೆರೆದಿರುವ ಗೇಟಿಗೆ ನಡೆದು ಹೋಗುವ ದೂರವನ್ನು ದಾಖಲಿಸಿ. ಅತಿ ಹತ್ತಿರವಿದ್ದೂ ಕ್ಯಾಂಪಸ್ಸಿಗೆ ಕಾಲಿಡದವರು ಹಲವೊಮ್ಮೆ ಇಲ್ಲಿಯೇ ಸಿಗುತ್ತಾರೆ.

ಬಾಗಿಲು ತೆರೆದವರನ್ನೇ ಕೇಳಿ ಬರುವುದು ಇನ್ನೊಂದು ದೋಷ. ಹಗಲು ಹೋದರೆ ಹೆಚ್ಚಾಗಿ ಗೃಹಿಣಿಯರು, ನಿವೃತ್ತರೇ ಸಿಗುತ್ತಾರೆ. ಮನೆಯ ವಯಸ್ಕರಲ್ಲಿ ಯಾರ ಹುಟ್ಟುಹಬ್ಬ ಮುಂದೆ ಮೊದಲು ಬರುತ್ತದೋ ಅವರನ್ನು ಕೇಳಿ. ಜನ್ಮದಿನಾಂಕ ಸರಿಯಾಗಿ ಹೇಳದ ಕಡೆ, ಸಮೀಕ್ಷಾ ತಜ್ಞ ಲೆಸ್ಲಿ ಕಿಶ್ 1949ರಲ್ಲಿ ಪ್ರಕಟಿಸಿದ ಆಯ್ಕೆ ಕೋಷ್ಟಕ ಬಳಸಿ; ಮನೆಯ ವಯಸ್ಕರ ಪಟ್ಟಿಯಲ್ಲಿ ಯಾರನ್ನು ಕೇಳಬೇಕೆಂದು ಅದು ಹೇಳುತ್ತದೆ. ಹೀಗೆ ಆರಿಸಿದವರು ಮನೆಯಲ್ಲಿಲ್ಲದಿದ್ದರೆ ಇನ್ನೆರಡು ಸಲ ಹೋಗಿ, ಒಂದು ಸಲ ಸಂಜೆ, ಒಂದು ಸಲ ರಜಾದಿನ. ವಾಟ್ಸ್‌ಆ್ಯಪ್ ಗುಂಪಿಗೆ ಗೂಗಲ್ ಫಾರ್ಮ್ ಹಾಕಿ ಮುಗಿಸಬೇಡಿ. ಅದನ್ನು ತುಂಬುವವರಲ್ಲಿ ವಿಶ್ವವಿದ್ಯಾಲಯದ ಮೇಲೆ ಮೊದಲೇ ಪ್ರೀತಿಯೋ ಸಿಟ್ಟೋ ಇರುವವರೇ ಹೆಚ್ಚು.

ಪ್ರಶ್ನೆ: ನಮ್ಮ ನಿವಾಸಿಗಳ ಸಂಘದ ಬಳಿ ಪ್ರತಿ ವರ್ಷ ಯಾರಾದರೂ ಪ್ರಶ್ನಾವಳಿ ಹಿಡಿದು ಬರುತ್ತಾರೆ. ಆಮೇಲೆ ಸುದ್ದಿಯೇ ಇಲ್ಲ. ಇನ್ನು ಮುಂದೆ ‘ಬೇಡ’ ಎಂದು ಬಿಡೋಣವೇ?

ಉತ್ತರ: ನಿಮ್ಮ ಬೇಸರ ಸಹಜ. ಆದರೂ ಬಾಗಿಲು ಹಾಕಬೇಡಿ, ಷರತ್ತು ಹಾಕಿ. ಮಾರ್ಗದರ್ಶಕರ ಹೆಸರು, ನೈತಿಕ ಸಮಿತಿಯ ಒಪ್ಪಿಗೆ ಪತ್ರ, ಪ್ರಶ್ನಾವಳಿಯ ಪ್ರತಿ, ಹೆಸರು–ಫೋನ್ ನಂಬರನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದು ಲಿಖಿತವಾಗಿ ಬರಲಿ. ಫಲಿತಾಂಶವನ್ನು 2 ಪುಟಗಳಲ್ಲಿ, ಕನ್ನಡದಲ್ಲಿ, ಇಂಥ ತಾರೀಕಿನೊಳಗೆ ಕೊಡುತ್ತೇವೆ ಎಂಬ ಮಾತನ್ನೂ ಬರೆಸಿಕೊಳ್ಳಿ. ಕೊನೆಗೆ ಒಂದು ಪ್ರಶ್ನೆ ನೀವು ಕೇಳಿ: ‘ನಮ್ಮ ಉತ್ತರದಿಂದ ನಿಮ್ಮಲ್ಲಿ ಯಾವ ತೀರ್ಮಾನ ಬದಲಾಗಬಹುದು?’ ಯಾವುದೂ ಇಲ್ಲ ಎಂದಾದರೆ ಅದು ವಿದ್ಯಾರ್ಥಿಯ ಅಭ್ಯಾಸಕ್ಕೆ ಮಾತ್ರ. ಸಹಾಯ ಮಾಡಿ, ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಅಮೆರಿಕದ ನೀತಿ ತಜ್ಞೆ ಶೆರಿ ಅರ್ನ್‌ಸ್ಟೈನ್ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದರು. ಅದರಲ್ಲಿ ಅಭಿಪ್ರಾಯ ಕೇಳುವುದು ಕೆಳಗಿನಿಂದ 4ನೆಯದು, ಪಾಲುದಾರಿಕೆ 6ನೆಯದು. ನಿಮ್ಮ ಸಂಘ 4ರಲ್ಲೇ ನಿಂತಿದೆ. ಮೇಲೇರಬೇಕಾದರೆ ಪ್ರಶ್ನೆ ನಿಮ್ಮ ಕಡೆಯಿಂದ ಹೋಗಬೇಕು. ನೆದರ್ಲೆಂಡ್ಸ್‌ನ ವಿಶ್ವವಿದ್ಯಾಲಯಗಳು 1970ರ ದಶಕದಲ್ಲಿ ‘ಸೈನ್ಸ್ ಶಾಪ್’ ಶುರು ಮಾಡಿದ್ದು ಇದಕ್ಕೇ: ಊರಿನವರು ಪ್ರಶ್ನೆ ತರುತ್ತಾರೆ, ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಉತ್ತರ ಹುಡುಕುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 1992ರಲ್ಲಿ ಇಂಥ ಸಹಭಾಗಿತ್ವಕ್ಕೇ ಒಂದು ಕೇಂದ್ರ ತೆರೆದು, ತನ್ನ ಸುತ್ತಲಿನ ವೆಸ್ಟ್ ಫಿಲಡೆಲ್ಫಿಯಾದ ಶಾಲೆಗಳ ಜೊತೆಗಿನ ಕೆಲಸವನ್ನು ತನ್ನ ಪಠ್ಯಕ್ರಮಕ್ಕೇ ಸೇರಿಸಿಕೊಂಡಿತು.

ನಿಮ್ಮ ಪ್ರಶ್ನೆ ಒಂದು ಸೆಮಿಸ್ಟರಿನಲ್ಲಿ ಮುಗಿಯುವಷ್ಟು ಚಿಕ್ಕದಿರಲಿ. ‘ಬಡಾವಣೆಯ ಚರಂಡಿ ಸಮಸ್ಯೆ’ ಎಂದರೆ ಯಾರೂ ಎತ್ತಿಕೊಳ್ಳಲಾರರು. ‘3ನೇ ಅಡ್ಡರಸ್ತೆಯ ತಿರುವಿನಲ್ಲಿ ಮಳೆ ನಿಂತ ಮೇಲೂ 2 ಗಂಟೆ ನೀರು ಯಾಕೆ ನಿಲ್ಲುತ್ತದೆ?’ ಎಂದರೆ ಸಿವಿಲ್ ವಿಭಾಗದ ನಾಲ್ವರು ವಿದ್ಯಾರ್ಥಿಗಳು ಲೆವೆಲ್ ಅಳೆದು ಹೇಳಬಲ್ಲರು. ಜಾಗ, ಸಮಯ, ನೀವು ಕಂಡದ್ದು, ಉತ್ತರ ಸಿಕ್ಕರೆ ಅದನ್ನು ಯಾರ ಮುಂದಿಡುತ್ತೀರಿ ಎಂಬುದು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು, ಸೆಮಿಸ್ಟರ್ ಶುರುವಾಗುವ ಮೊದಲೇ ವಿಭಾಗದ ಮುಖ್ಯಸ್ಥರಿಗೆ ಕೊಡಿ. ಪ್ರಾಜೆಕ್ಟ್ ಹಂಚಿಕೆಯಾದ ಮೇಲೆ ಹೋದರೆ ಮುಂದಿನ ವರ್ಷಕ್ಕೆ ಕಾಯಬೇಕಾಗುತ್ತದೆ.

ಪ್ರಶ್ನೆ: ನಮ್ಮ ಸಮೀಕ್ಷೆಯಲ್ಲಿ ಅಂಗಡಿಯವರು, ಮನೆ ಬಾಡಿಗೆಗೆ ಕೊಟ್ಟವರು ವಿಶ್ವವಿದ್ಯಾಲಯವನ್ನು ಹೊಗಳಿದರೆ, ಬಾಡಿಗೆಗಿರುವ ಕುಟುಂಬಗಳು ಬಾಡಿಗೆ ಏರಿಕೆ, ರಾತ್ರಿ ಗಲಾಟೆ, ಪಾರ್ಕಿಂಗ್ ಎಂದು ದೂರಿದರು. ವರದಿಯಲ್ಲಿ ಏನೆಂದು ಬರೆಯುವುದು?

ಉತ್ತರ: ಸರಾಸರಿ ಬರೆಯಬೇಡಿ. 5ಕ್ಕೆ 3 ಬಂತು ಎಂದರೆ ಎಲ್ಲರೂ ತಟಸ್ಥರಿರಬಹುದು, ಅರ್ಧ ಜನ 1, ಅರ್ಧ ಜನ 5 ಕೊಟ್ಟಿರಲೂಬಹುದು. ನಿಮ್ಮದು ಎರಡನೆಯದು. ಸ್ವಂತ ಮನೆಯಲ್ಲಿರುವವರು, ಬಾಡಿಗೆ ಕೊಟ್ಟವರು, ಬಾಡಿಗೆಗಿರುವವರು, ವ್ಯಾಪಾರಿಗಳು ಎಂದು ಬೇರ್ಪಡಿಸಿ, 1ರಿಂದ 5ರವರೆಗೆ ಎಷ್ಟೆಷ್ಟು ಜನ ಕೊಟ್ಟರು ಎಂಬುದನ್ನು ಹಾಗೇ ಮುದ್ರಿಸಿ.

ಇದು ನಿಮ್ಮೂರಿನ ವಿಶೇಷವೇನೂ ಅಲ್ಲ. ಆಕ್ಸ್‌ಫರ್ಡಿನಲ್ಲಿ 1355ರ ಫೆಬ್ರುವರಿ 10ರಂದು ಹೋಟೆಲೊಂದರ ವೈನ್ ವಿಷಯಕ್ಕೆ ವಿದ್ಯಾರ್ಥಿಗಳಿಗೂ ಊರಿನವರಿಗೂ ಶುರುವಾದ ಜಗಳ ಮೂರು ದಿನಗಳ ಹತ್ಯಾಕಾಂಡವಾಯಿತು. ಊರಿನವರು ಅದರ ಪ್ರಾಯಶ್ಚಿತ್ತವನ್ನು 1825ರವರೆಗೂ ವರ್ಷವರ್ಷ ಮಾಡಬೇಕಾಯಿತು. ವೈನ್ ಬರೀ ನೆಪ. ಒಂದೇ ಊರಿನಲ್ಲಿ ವಿಶ್ವವಿದ್ಯಾಲಯದವರಿಗೆ ಮಾತ್ರ ವಿಶೇಷ ಹಕ್ಕುಗಳಿದ್ದದ್ದು ಒಳಗೊಳಗೇ ಕುದಿಯುತ್ತಿತ್ತು. ಈಗಿನ ಬಾಡಿಗೆದಾರರ ಸಿಟ್ಟೂ ವಿದ್ಯೆಯ ಮೇಲಲ್ಲ. ಲಾಭ ಒಬ್ಬರಿಗೆ, ಕಿರಿಕಿರಿ ಇನ್ನೊಬ್ಬರಿಗೆ ಎಂಬ ಹಂಚಿಕೆಯ ಮೇಲೆ.

ಅದಕ್ಕೆ ರಕ್ತದಾನ ಶಿಬಿರ ಉತ್ತರವಾಗದು. ಶಿಬಿರ ಒಳ್ಳೆಯದೇ, ಆದರೆ ರಾತ್ರಿ 11ರ ಗದ್ದಲಕ್ಕೆ ಅದು ಮದ್ದಲ್ಲ. ರಾತ್ರಿಯೂ ಯಾರಾದರೂ ಎತ್ತುವ ಒಂದು ಫೋನ್ ನಂಬರ್, ಪ್ರತಿ ದೂರಿಗೆ ಕ್ರಮಸಂಖ್ಯೆ, 48 ಗಂಟೆಯೊಳಗೆ ಉತ್ತರ, ತಿಂಗಳಿಗೊಮ್ಮೆ ಗೇಟಿನ ಬಳಿ ‘ಬಂದದ್ದು ಇಷ್ಟು, ಬಗೆಹರಿದದ್ದು ಇಷ್ಟು’ ಎಂಬ ಫಲಕ ಇರಲಿ. ಹಾಸ್ಟೆಲ್ ಸೀಟುಗಳಿಗೂ ಪ್ರವೇಶ ಸಂಖ್ಯೆಗೂ ಇರುವ ಅಂತರವನ್ನು ವರದಿಯಲ್ಲಿ ನಮೂದಿಸಿ. ಬಾಡಿಗೆಯ ಒತ್ತಡಕ್ಕೆ ದೊಡ್ಡ ಕಾರಣ ಹಲವೊಮ್ಮೆ ಅಲ್ಲಿರುತ್ತದೆ.

ಎರಡು ವರ್ಷದ ನಂತರ ಅದೇ ಪ್ರಶ್ನೆಗಳನ್ನು, ಒಂದು ಪದವನ್ನೂ ಬದಲಿಸದೆ, ಅದೇ ತಿಂಗಳಲ್ಲಿ ಕೇಳಿ. ರಜೆಯಲ್ಲಿ ಕೇಳಿದರೆ ವಿದ್ಯಾರ್ಥಿಗಳೇ ಇರುವುದಿಲ್ಲ, ದೂರು ತಾನಾಗಿ ಇಳಿಯುತ್ತದೆ. ಎರಡೂ ಸಲ 400 ಜನರನ್ನು ಚೀಟಿ ಎತ್ತಿ ಆರಿಸಿ ಕೇಳಿದ್ದರೂ, ಶೇ 50ರ ಆಸುಪಾಸಿನಲ್ಲಿ 7 ಶೇಕಡಾ ಅಂಶಗಳಿಗಿಂತ (50ರಿಂದ 57ಕ್ಕೆ ಏರಿದಷ್ಟು) ಕಡಿಮೆ ವ್ಯತ್ಯಾಸ ಬಂದರೆ ಅದನ್ನು ಸುಧಾರಣೆ ಎಂದು ಬರೆಯುವಂತಿಲ್ಲ. ಬೀದಿ ಆರಿಸಿ ಕೇಳಿದ್ದರೆ ಇನ್ನೂ ಹೆಚ್ಚು ಬೇಕು.