ಬೀಜ ಮಾರಾಟಕ್ಕಿದೆ, ಆದರೂ ಗಿಡ ಅಳಿವಿನಂಚಿನಲ್ಲಿದೆಯೇ?

ಪ್ರಶ್ನೆ: ಈಜಿಪ್ಟಿನ ಸಿನಾಯ್ ಬೆಟ್ಟಗಳಲ್ಲಿ ಬೆಳೆಯುವ ಹಳದಿ ಹೂವಿನ ಪ್ರಿಮುಲಾ ಬೊವಿಯಾನಾ ‘ತೀವ್ರ ಅಳಿವಿನಂಚಿನಲ್ಲಿರುವ’ ಗಿಡ ಅಂತ ಓದಿದೆ. ಆದರೆ ವಿದೇಶದ ಬೀಜ ಮಾರಾಟಗಾರರ ಪಟ್ಟಿಯಲ್ಲೂ ಅದರ ಹೆಸರು ಕಂಡೆ. ದುಡ್ಡು ಕೊಟ್ಟರೆ ಸಿಗುವ ಗಿಡ ಅಳಿಯುವುದು ಹೇಗೆ? ಬೀಜ ತರಿಸಿ ನಮ್ಮ ಮಡಿಕೇರಿಯ ಮನೆಯಲ್ಲಿ ಬೆಳೆಸಿದರೆ ಅದಕ್ಕೆ ಉಪಕಾರ ಆಗುತ್ತದೆಯೇ?
— ಓದುಗರು, ಮಡಿಕೇರಿ

ಉತ್ತರ: ಎರಡೂ ನಿಜ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿ, ಅಂದರೆ ಅಳಿವಿನ ಅಪಾಯದ ಪಟ್ಟಿ, ನೋಡುವುದು ಗಿಡ ತನ್ನ ಸ್ವಂತ ನೆಲೆಯಲ್ಲಿ ಹೇಗಿದೆ ಎಂಬುದನ್ನು. ಯುರೋಪಿನ ಸಸ್ಯೋದ್ಯಾನಗಳ ಕುಂಡಗಳಲ್ಲಿ ಅದು ಎಷ್ಟೇ ಚೆನ್ನಾಗಿ ಹೂ ಬಿಡಲಿ, ಆ ಲೆಕ್ಕಕ್ಕೆ ಬರುವುದಿಲ್ಲ. ‘ತೀವ್ರ ಅಳಿವಿನಂಚು’ ಅಂದರೆ ನಿಸರ್ಗದಿಂದ ಪೂರ್ತಿ ಮರೆಯಾಗುವ ಮೊದಲಿನ ಕೊನೆಯ ಮೆಟ್ಟಿಲು.

ಈ ಗಿಡದ ಸ್ವಂತ ನೆಲೆ ತೀರಾ ಚಿಕ್ಕದು. ದಕ್ಷಿಣ ಸಿನಾಯ್‌ನ ಸೇಂಟ್ ಕ್ಯಾಥರೀನ್ ಬೆಟ್ಟಗಳನ್ನು ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಅದು ತಾನಾಗಿ ಬೆಳೆಯುವುದಿಲ್ಲ. ಈಜಿಪ್ಟಿನ ಅತಿ ಎತ್ತರದ ಶಿಖರ ಇರುವುದೂ ಅಲ್ಲೇ, 2,600 ಮೀಟರಿಗಿಂತ ಜಾಸ್ತಿ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಅಲ್ಲಿ ಉಳಿದಿದ್ದ ಕಾಡುಗಿಡಗಳು 200ಕ್ಕೂ ಕಡಿಮೆ.

ಮರುಭೂಮಿಯ ಗಿಡ ಎಂದಾಕ್ಷಣ ಬಿಸಿಲು, ಒಣ ನೆಲ ತಡೆದುಕೊಳ್ಳುವ ಗಟ್ಟಿ ಜೀವ ಅನ್ನಿಸುತ್ತದೆ ಅಲ್ವಾ? ಇದು ಹಾಗಲ್ಲ. ಇದಕ್ಕೆ ಸದಾ ತೇವ ಬೇಕು. ಮಳೆ ತೀರಾ ಅಪರೂಪವಾದ ಆ ಬೆಟ್ಟಗಳಲ್ಲಿ ಮಳೆನೀರು, ಚಳಿಗಾಲದ ಹಿಮ ಕರಗಿದ ನೀರು ಕೆಂಪು ಗ್ರಾನೈಟಿನ ಬಿರುಕುಗಳಿಗೆ ಇಳಿದು, ಮತ್ತೆಲ್ಲೋ ಒರತೆಯಾಗಿ ಜಿನುಗುತ್ತದೆ. ಅಂಥ ಒರತೆಯ ಪಕ್ಕ, ಬಾವಿಯ ಬದಿ, ನೆರಳಿನ ಕಲ್ಲುಸಂದು, ಇಷ್ಟೇ ಇದರ ಜಾಗ. ಒಂದೇ ದಂಟಿನಲ್ಲಿ ಸುತ್ತು ಸುತ್ತಾಗಿ, ಅಂತಸ್ತಿನ ಮೇಲೆ ಅಂತಸ್ತು ಹೂ ಬಿಡುವ ಚೆಲುವಾದ ಗಿಡ. ಇದರ ಹತ್ತಿರದ ನೆಂಟ ಪ್ರಿಮುಲಾ ಫ್ಲೋರಿಬಂಡಾ ನಮ್ಮ ಪಶ್ಚಿಮ ಹಿಮಾಲಯದಲ್ಲಿದೆ. ಹಿಂದೆ ಹವೆ ಇನ್ನೂ ತಂಪಾಗಿ, ತೇವವಾಗಿದ್ದ ಕಾಲದಲ್ಲಿ ಈ ಬಳಗ ಹರಡಿತ್ತು. ಆಮೇಲೆ ನೆಲ ಒಣಗಿದಂತೆ ಒಂದೊಂದು ಬೆಟ್ಟದಲ್ಲಿ ಒಂದೊಂದು ಜಾತಿ ಸಿಕ್ಕಿಹಾಕಿಕೊಂಡಿತು ಎಂದು ತಿಳಿಯಲಾಗಿದೆ.

ಹಾಗಾಗಿ ಬರಗಾಲವೇ ಇದರ ದೊಡ್ಡ ಶತ್ರು. ಒಂದು ಒರತೆ ಬತ್ತಿದರೆ ಅಲ್ಲಿನ ಗುಂಪು ಮುಗಿದಂತೆ. ಪಕ್ಕದ ಒರತೆಗೆ ಬೀಜ ತಲುಪಲು ನಡುವೆ ಒಣಬಂಡೆಯೇ ತುಂಬಿದೆ. ಅಪರೂಪಕ್ಕೆ ಜೋರು ಮಳೆ ಬಂದರೆ ದಿಢೀರ್ ಪ್ರವಾಹ ಗಿಡಗಳನ್ನು ಕಿತ್ತುಕೊಂಡು ಹೋಗುತ್ತದೆ. ಮೇಕೆಗಳು ಮೇಯುತ್ತವೆ, ಜನರೂ ಕೀಳುತ್ತಾರೆ. ಆದರೆ ಮೇಕೆ ಸಾಕುವ ಬೆದೂಯಿನರ (ಮರುಭೂಮಿಯ ಅರಬ್ ಬುಡಕಟ್ಟು ಜನರ) ಮೇಲೆಯೇ ತಪ್ಪು ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿನ ಬೆದೂಯಿನರಲ್ಲೇ ಒಂದು ಬುಡಕಟ್ಟಾದ ಜೆಬೆಲಿಯಾ ಜನ ಎತ್ತರದ ಬೆಟ್ಟಗಳಲ್ಲಿ ಇಂತಿಷ್ಟು ಕಾಲ ಮೇಯಿಸಬಾರದು ಎಂದು ತಮ್ಮಲ್ಲೇ ಕಟ್ಟುಪಾಡು ಮಾಡಿಕೊಂಡು ಬಂದವರು. ಅವರನ್ನು ಹೊರಗಿಟ್ಟು ಈ ಗಿಡ ಉಳಿಸಲು ಆಗದು.

ಇನ್ನು ಬೀಜದ ಮಾತು. ಈ ಗಿಡ ತನ್ನದೇ ಪರಾಗದಿಂದ ಬೀಜ ಕಟ್ಟಬಲ್ಲದು. ಒಂಟಿಯಾಗಿ ಉಳಿದ ಗಿಡಕ್ಕೆ ಅದು ವರ, ಮುಂದಿನ ಪೀಳಿಗೆಗಳಿಗೆ ಅದೇ ತೊಂದರೆ. ಮೇಲೆ ಹೇಳಿದ ಅಧ್ಯಯನದಲ್ಲಿ ಕಂಡದ್ದೂ ಇದೇ: ಒಳಸಂಕರ (ತನ್ನೊಳಗೇ ಅಥವಾ ಹತ್ತಿರದ ನೆಂಟರ ನಡುವೆಯೇ ಬೀಜ ಕಟ್ಟುವುದು) ಹೆಚ್ಚು, ತಳಿ ವೈವಿಧ್ಯ ಕಡಿಮೆ. ಮಾರುಕಟ್ಟೆಯ ಬೀಜ ಎಲ್ಲೋ ಕೆಲವೇ ತಾಯಿಗಿಡಗಳ ಸಂತತಿ ಇರಬಹುದು, ಬೇರೆ ಪ್ರಿಮುಲಾ ಜತೆ ಬೆರೆತಿರಲೂಬಹುದು. ಯಾವ ಒರತೆಯಿಂದ ಬಂದದ್ದು ಎಂಬ ದಾಖಲೆ ಇಲ್ಲದ ಬೀಜ ಮರುನಾಟಿಗೆ ಬರುವುದಿಲ್ಲ. ಬೀಜ ಬ್ಯಾಂಕುಗಳು ಪ್ರತಿ ಗುಂಪಿನಿಂದ ಬೇರೆ ಬೇರೆಯಾಗಿ ಸಂಗ್ರಹಿಸುವುದು ಇದಕ್ಕೇ.

ಕೆಂಪು ಪಟ್ಟಿಗೆ ಸೇರಿದ ಮಾತ್ರಕ್ಕೆ ಕಾನೂನಿನ ರಕ್ಷಣೆ ಸಿಗುವುದಿಲ್ಲ. ಸೇಂಟ್ ಕ್ಯಾಥರೀನ್ ಸಂರಕ್ಷಿತ ಪ್ರದೇಶ ಎಂಬುದು ಸಮಾಧಾನದ ಸಂಗತಿ. ಬೇಲಿ ಹಾಕಿದರೆ ಮೇಕೆ, ಕತ್ತೆಗಳನ್ನು ತಡೆಯಬಹುದು. ಒರತೆ ಬತ್ತುವುದನ್ನು ಬೇಲಿ ತಡೆಯದು. ನನ್ನ ದೃಷ್ಟಿಯಲ್ಲಿ ಮೊದಲು ಕಾಯಬೇಕಾದದ್ದು ಆ ನೀರನ್ನೇ.

ನಿಮ್ಮ ಮಡಿಕೇರಿ ಕುಂಡದಿಂದ ಸಿನಾಯ್‌ಗೆ ಲಾಭವಿಲ್ಲ. ಚೆಂದಕ್ಕೆ ಬೆಳೆಸುವ ಆಸೆ ಇದ್ದರೂ ಅಂಚೆಯಲ್ಲಿ ಸುಮ್ನೆ ತರಿಸಬೇಡಿ. ವಿದೇಶಿ ಬೀಜಕ್ಕೆ ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶ ಅನ್ವಯಿಸುತ್ತದೆ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರಗಳ ನಿಯಮವನ್ನು ಮೊದಲು ವಿಚಾರಿಸಿಕೊಳ್ಳಿ. ಬೀಜ ಕಾಡಿನಿಂದ ಕಿತ್ತದ್ದೋ, ತೋಟದಲ್ಲಿ ಬೆಳೆದದ್ದೋ ಎಂದು ಮಾರುವವರನ್ನೂ ಕೇಳಿ. ಸ್ಪಷ್ಟ ಉತ್ತರ ಬರದಿದ್ದರೆ ಕೊಳ್ಳಬೇಡಿ.